ಬಿಟ್ಟಿ ಕಡಲು, ಟಿಕೆಟಿನ ಕೊಲ್ಲಿ

ಹವಾಯಿಯ ಒಂದೇ ಹೆದ್ದಾರಿಯ ಬದಿಯಲ್ಲಿ, ಮೂರು ಕಿಲೊಮೀಟರ್ ಅಂತರದಲ್ಲಿ ಎರಡು ಕಡಲತೀರಗಳಿವೆ. ಒಂದಕ್ಕೆ 25 ಡಾಲರ್ ಕೊಡಬೇಕು, ಇನ್ನೊಂದು ಪುಕ್ಕಟೆ. ಆ ದುಡ್ಡಿಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ?

ಹವಾಯಿಯಲ್ಲಿ ಬೆಳಗಿನ ಏಳು ಗಂಟೆ ಎಂದರೆ ಬೆಂಗಳೂರಿನಲ್ಲಿ ರಾತ್ರಿ ಹತ್ತೂವರೆ. ಸರಿಯಾಗಿ ಆ ಹೊತ್ತಿಗೆ ಹೊನೊಲುಲು ನಗರಾಡಳಿತದ ವೆಬ್‌ಸೈಟಿನಲ್ಲಿ ಹನೌಮಾ ಕೊಲ್ಲಿಯ ಟಿಕೆಟ್ ಬುಕಿಂಗ್ ಶುರುವಾಗುತ್ತದೆ. ಇವತ್ತು ಕಾದಿರಿಸಿದರೆ ಎರಡು ದಿನ ಬಿಟ್ಟು ಪ್ರವೇಶ. ನಮ್ಮ ರೈಲ್ವೆಯ ತತ್ಕಾಲ್ ಟಿಕೆಟಿನ ಹಾಗೆ, ಕೆಲವೇ ನಿಮಿಷಗಳಲ್ಲಿ ಎಲ್ಲ ಖಾಲಿ. ಹವಾಯಿಯ ಹೊರಗಿನಿಂದ ಬಂದ ದೊಡ್ಡವರಿಗೆ ತಲಾ 25 ಡಾಲರ್. 12 ವರ್ಷದವರೆಗಿನ ಮಕ್ಕಳಿಗೆ ಮಾತ್ರ ಉಚಿತ. ಗಂಡ, ಹೆಂಡತಿ, ಊರಿನಿಂದ ಬಂದ ಅಪ್ಪ, ಅಮ್ಮ, ಹೀಗೆ ನಾಲ್ವರು ಹೊರಟರೆ ನೂರು ಡಾಲರ್, ಅಂದರೆ ಎಂಟು ಸಾವಿರ ರೂಪಾಯಿಗೂ ಮೇಲೆ ಖರ್ಚು. ಅದೂ ಸಮುದ್ರಕ್ಕೆ ಇಳಿಯುವುದಕ್ಕೆ!

ಅದೇ ಕಲನಿಯಾನವೊಲೆ ಹೆದ್ದಾರಿಯಲ್ಲಿ ಸುಮಾರು ಮೂರು ಕಿಲೊಮೀಟರ್ ಮುಂದಕ್ಕೆ ಹೋದರೆ ಸ್ಯಾಂಡಿ ಬೀಚ್. ಅಲ್ಲಿ ಗೇಟಿಲ್ಲ, ಟಿಕೆಟಿಲ್ಲ, ಕಾರು ನಿಲ್ಲಿಸಲೂ ಕಾಸು ಕೊಡಬೇಕಿಲ್ಲ. ಅಗಲವಾದ ಮರಳು, ಗಾಜಿನಂಥ ಹಸಿರು ನೀಲಿ ನೀರು. ಈ ಎರಡೂ ತೀರಗಳಿರುವ ಓವಾಹು ದ್ವೀಪದಲ್ಲೇ ಹುಟ್ಟಿ ಬೆಳೆದ ಬರಾಕ್ ಒಬಾಮ 2008ರ ಆಗಸ್ಟ್‌ನಲ್ಲಿ, ಅಧ್ಯಕ್ಷೀಯ ಚುನಾವಣೆಯ ಪ್ರಚಾರಕ್ಕೆ ಸ್ವಲ್ಪ ಬಿಡುವು ಕೊಟ್ಟು ಊರಿಗೆ ಬಂದಾಗ, ಬರಿಮೈಯಲ್ಲಿ ಅಲೆಯೇರಿ ಜಾರಿದ್ದು ಇಲ್ಲೇ. ಆ ಫೋಟೊಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಆದರೆ ಸ್ಥಳೀಯರು ಈ ಬೀಚಿಗೆ ಇಟ್ಟಿರುವ ಅಡ್ಡಹೆಸರು 'ಕುತ್ತಿಗೆ ಮುರುಕ'. ಹವಾಯಿಯಲ್ಲಿ ಕುತ್ತಿಗೆ, ಬೆನ್ನುಹುರಿಯ ಪೆಟ್ಟುಗಳಿಗೆ ಇಷ್ಟು ಕುಖ್ಯಾತವಾದ ಜಾಗ ಇನ್ನೊಂದಿಲ್ಲ.

ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಹವಾಯಿ ಐದಾರು ಗಂಟೆಯ ವಿಮಾನ ಪ್ರಯಾಣ. ಊರಿನಿಂದ ಬಂದ ಹಿರಿಯರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಹೊನೊಲುಲುವಿನಲ್ಲಿ ಇಳಿದವರೆಲ್ಲ ಒಂದಲ್ಲ ಒಂದು ಸಂಜೆ ಹೋಟೆಲ್ ಕೋಣೆಯಲ್ಲಿ ಕೂತು ಲೆಕ್ಕ ಹಾಕುತ್ತಾರೆ: ದುಡ್ಡು ಕೊಟ್ಟು ಶಾಂತ ಕೊಲ್ಲಿಗೆ ಹೋಗುವುದೋ, ಬಿಟ್ಟಿ ಬೀಚಿನಲ್ಲೇ ಮುಗಿಸುವುದೋ? 'ದುಡ್ಡು ಕೊಟ್ಟರೆ ಭದ್ರ, ಬಿಟ್ಟಿಯಾದರೆ ಅಪಾಯ' ಎಂಬುದು ಹೆಚ್ಚಿನವರ ಊಹೆ. ಊಹೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹನೌಮಾದ ಟಿಕೆಟ್ ಹುಟ್ಟಿದ್ದು ಮೀನು ಮತ್ತು ಹವಳವನ್ನು ಜನರಿಂದ ಕಾಪಾಡಲು. ಜನರನ್ನು ಕಾಪಾಡುವ ಲೆಕ್ಕ ಬೇರೆಯೇ ಇದೆ, ಅದು ಟಿಕೆಟಿನ ಮೇಲೆ ಅಚ್ಚಾಗಿಲ್ಲ.

ತಳ ಹೇಗೋ ಅಲೆ ಹಾಗೆ

ಎರಡು ತೀರಗಳಿಗೂ ಬಂದು ಬಡಿಯುವುದು ಅದೇ ಶಾಂತ ಮಹಾಸಾಗರ. ವ್ಯತ್ಯಾಸ ಇರುವುದು ನೀರಿನ ಕೆಳಗೆ.

ಹನೌಮಾ ಕೊಲ್ಲಿ ಹಿಂದೊಮ್ಮೆ ಜ್ವಾಲಾಮುಖಿಯ ಬಾಯಿ. ಹತ್ತಾರು ಸಾವಿರ ವರ್ಷಗಳ ಹಿಂದೆ, ಭೂಮಿಯೊಳಗಿನ ಶಿಲಾರಸ ಕಡಲ ನೀರಿಗೆ ತಾಗಿ ಸಿಡಿದು, ಎದ್ದ ಬೂದಿ ಸುತ್ತಲೂ ಬಿದ್ದು ಗಟ್ಟಿಯಾಗಿ ಬಳೆಯಾಕಾರದ ಗೋಡೆಯಾಯಿತು. ಆಗ್ನೇಯ ದಿಕ್ಕಿನ ಗೋಡೆಯನ್ನು ಅಲೆಗಳು ಕೊರೆದು ಕೊರೆದು ಬೀಳಿಸಿದಾಗ ಸಮುದ್ರ ಒಳಗೆ ಬಂತು. ಹಾಗೆ ಬಂದ ನೀರಿನಲ್ಲಿ ದಡಕ್ಕೆ ಸಮೀಪದಲ್ಲೇ ಹವಳದ ದಿಬ್ಬ ಬೆಳೆಯಿತು. ಹೊರಗಿನಿಂದ ನುಗ್ಗುವ ಅಲೆ ಮೊದಲು ಈ ದಿಬ್ಬಕ್ಕೆ ಬಡಿದು ಒಡೆಯುತ್ತದೆ. ಅದರ ಕಸುವೆಲ್ಲ ಅಲ್ಲೇ ಇಳಿದುಹೋಗುವುದರಿಂದ, ದಿಬ್ಬದ ಒಳಗಡೆಯ ಲಗೂನಿನಲ್ಲಿ ಉಳಿಯುವುದು ಮೊಣಕಾಲಿನಿಂದ ಎದೆಯ ಮಟ್ಟದ ಶಾಂತ ನೀರು.

ಈ ಶಾಂತ ನೀರಿನ ಹೊಂಡಗಳೆಲ್ಲ ಪ್ರಕೃತಿ ಕೊಟ್ಟದ್ದಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. 1950ರ ದಶಕದ ನಡುವೆ ಕ್ಯಾಲಿಫೋರ್ನಿಯಾದಿಂದ ಹವಾಯಿಗೆ ಸಮುದ್ರದಡಿಯಲ್ಲಿ ಟೆಲಿಫೋನ್ ಕೇಬಲ್ ಎಳೆದಾಗ, ಅದು ದಡ ಸೇರಿದ್ದು ಹನೌಮಾದಲ್ಲಿ. ಕೇಬಲ್ಲಿಗೆ ದಾರಿ ಮಾಡಿಕೊಡಲು ಹವಳದ ದಿಬ್ಬವನ್ನು ಸಿಡಿಮದ್ದಿಟ್ಟು ಒಡೆದರು. ಇವತ್ತು ಅಳುಕಿಲ್ಲದೆ ಮುಳುಗಿ ಮೀನು ನೋಡುವವರು ಎಷ್ಟೋ ಸಲ ಈಜುವುದು ಹೀಗೆ ಒಡೆದ ಜಾಗದಲ್ಲೇ. ಕಾನೂನಿನ ಕಾವಲಿರುವ ಈ ಕೊಲ್ಲಿಗೆ ಇಂಥದ್ದೊಂದು ಗಾಯದ ಇತಿಹಾಸವೂ ಇದೆ.

ಸ್ಯಾಂಡಿ ಬೀಚಿನಲ್ಲಿ ಅಲೆಯನ್ನು ತಡೆಯುವ ಅಂಥ ದಿಬ್ಬ ಇಲ್ಲ. ಆಳವಾದ ಸಮುದ್ರತಳ ದಡದ ಹತ್ತಿರಕ್ಕೆ ಬಂದಮೇಲೆ ಥಟ್ಟನೆ ಮೇಲೇರುತ್ತದೆ. ಆಳ ನೀರಿನಲ್ಲಿ ಸಲೀಸಾಗಿ ಸಾಗಿ ಬಂದ ಅಲೆಗೆ ನಿಧಾನವಾಗಿ ಸೊರಗಲು ಸಮಯವೇ ಸಿಗುವುದಿಲ್ಲ. ಎದ್ದು ನಿಂತದ್ದೇ ನೇರ ಗಟ್ಟಿ ಮರಳಿನ ಮೇಲೆ, ಅಂಗೈಯಗಲದ ನೀರಿನಲ್ಲಿ ಅಪ್ಪಳಿಸುತ್ತದೆ. ನಾಲ್ಕು ಅಡಿಯ ಅಲೆ ಸಾಕು. ಸಮತೋಲ ತಪ್ಪಿದವನನ್ನು ತಲೆಕೆಳಗಾಗಿ ಎತ್ತಿ ಮರಳಿಗೆ ಕುಕ್ಕುತ್ತದೆ. ಇಲ್ಲಿ ಪೆಟ್ಟು ಬೀಳುವುದು ಮುಳುಗಿ ಅಲ್ಲ, ನೆಲಕ್ಕೆ ಬಡಿದು. ಹಾಗಾಗಿ ಈಜು ಚೆನ್ನಾಗಿ ಬಂದರೂ ಉಪಯೋಗ ಅಷ್ಟಕ್ಕಷ್ಟೆ. ಚಿಕ್ಕಂದಿನಿಂದ ಇದೇ ಅಲೆಯ ಜತೆ ಆಡಿ, ಯಾವಾಗ ಏರಬೇಕು, ಯಾವಾಗ ಅಲೆಯ ಹಿಂದಕ್ಕೆ ನುಸುಳಬೇಕು ಎಂದು ಮೈಗೂಡಿಸಿಕೊಂಡ ಊರಿನ ಹುಡುಗರಿಗೆ ಇದು ಸ್ವರ್ಗ. ಅವರನ್ನು ನೋಡಿ 'ಇಷ್ಟೇನಾ' ಎಂದು ನೀರಿಗಿಳಿದ ಪ್ರವಾಸಿಗೆ ಆಂಬುಲೆನ್ಸ್ ಬರಬೇಕಾಗುತ್ತದೆ.

ಟಿಕೆಟ್ ಹುಟ್ಟಿದ ಕಥೆ

ಒಂದು ಕಾಲದಲ್ಲಿ ಹನೌಮಾಕ್ಕೂ ಪ್ರವೇಶ ಪುಕ್ಕಟೆಯಾಗಿತ್ತು. 1961ರಲ್ಲಿ ಎಲ್ವಿಸ್ ಪ್ರೀಸ್ಲಿಯ 'ಬ್ಲೂ ಹವಾಯಿ' ಸಿನಿಮಾದಲ್ಲಿ ಕಾಣಿಸಿಕೊಂಡ ಮೇಲೆ ಕೊಲ್ಲಿಯ ಹೆಸರು ಅಮೆರಿಕದ ಮನೆಮನೆಗೂ ಹೋಯಿತು. 1967ರಲ್ಲಿ ಹವಾಯಿ ಸರ್ಕಾರ ಇದನ್ನು ಕಡಲಜೀವಿಗಳ ಸಂರಕ್ಷಿತ ತಾಣವೆಂದು ಘೋಷಿಸಿತು. ಆ ರಾಜ್ಯದಲ್ಲಿ ಅಂಥ ಮೊದಲ ತಾಣ ಇದೇ. ಮೀನು ಹಿಡಿಯುವುದು ನಿಂತಿತು. ಗಾಳ, ಬಲೆಗಳ ಭಯ ಮರೆತ ಮೀನುಗಳು ಮನುಷ್ಯರ ಕಾಲ ಸುತ್ತ ಸುಳಿದಾಡತೊಡಗಿದವು. ಅದನ್ನು ನೋಡಲು ಇನ್ನಷ್ಟು ಜನ ಬಂದರು.

ಸಂರಕ್ಷಣೆಯೇ ಜಾತ್ರೆಗೆ ಕಾರಣವಾದದ್ದು ಹೀಗೆ. 1980ರ ದಶಕ ಮುಗಿಯುವ ಹೊತ್ತಿಗೆ ವರ್ಷಕ್ಕೆ ಸುಮಾರು 30 ಲಕ್ಷ ಮಂದಿ ಬರುತ್ತಿದ್ದರು. ಕೆಲವು ದಿನ ಹತ್ತು ಸಾವಿರ ದಾಟುತ್ತಿತ್ತು. ಬಸ್ಸುಗಳು ಸಾಲುಗಟ್ಟಿ ಜನರನ್ನು ಇಳಿಸುತ್ತಿದ್ದವು. ಬಂದವರು ಮೀನಿಗೆ ಬ್ರೆಡ್ಡು, ಫ್ರಿಜ್ಜಿನಲ್ಲಿಟ್ಟ ಹಸಿರು ಬಟಾಣಿ ಎರಚುತ್ತಿದ್ದರು. ಹವಳದ ಮೇಲಿನ ಪಾಚಿಯನ್ನು ತಿಂದು ಅದನ್ನು ಚೊಕ್ಕಟವಾಗಿಡಬೇಕಾದ ಮೀನುಗಳು ಬಟಾಣಿಗೆ ಕಾಯತೊಡಗಿದವು. ದಣಿದವರು ನಿಲ್ಲುತ್ತಿದ್ದದ್ದು ಹವಳದ ಮೇಲೆಯೇ. ನೋಡಲು ಕಲ್ಲಿನಂತಿದ್ದರೂ ಹವಳ ಸಣ್ಣ ಸಣ್ಣ ಜೀವಿಗಳ ವಸಾಹತು. ಕೆಲವು ಜಾತಿಯ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಬೆಳೆಯಲು ವರ್ಷಗಟ್ಟಲೆ ಬೇಕು.

1990ರಲ್ಲಿ ಹೊನೊಲುಲು ನಗರಾಡಳಿತ ಬಿಗಿ ಯೋಜನೆಯೊಂದನ್ನು ತಂದಿತು. ಪ್ರವಾಸಿ ಬಸ್ಸುಗಳಿಗೆ ಲಗಾಮು ಬಿತ್ತು, ವಾರಕ್ಕೊಮ್ಮೆ ಕೊಲ್ಲಿಗೆ ರಜೆ ಸಿಕ್ಕಿತು. 1995ರಲ್ಲಿ ಹೊರಗಿನವರಿಗೆ ಪ್ರವೇಶ ಶುಲ್ಕ ಬಂತು. 1999ರಲ್ಲಿ ಮೀನಿಗೆ ತಿನಿಸು ಹಾಕುವುದು ಪೂರ್ತಿ ನಿಂತಿತು. 2002ರಲ್ಲಿ ಕೊಲ್ಲಿಯ ನೆತ್ತಿಯ ಮೇಲೆ ಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ಒಂಬತ್ತು ನಿಮಿಷದ ಚಿತ್ರ ನೋಡದೆ ಯಾರೂ ಕೆಳಗೆ ಇಳಿಯುವಂತಿಲ್ಲ. ಹವಳದ ಮೇಲೆ ನಿಲ್ಲಬೇಡಿ, ಆಮೆಯನ್ನು ಮುಟ್ಟಬೇಡಿ, ಇಂಥ ಕಡೆ ಸೆಳೆತ ಇದೆ ಎಂದು ಆ ಚಿತ್ರ ಹೇಳಿಕೊಡುತ್ತದೆ. ಆಕ್ಸಿಬೆನ್‌ಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳು ಹವಳಕ್ಕೆ ಹಾನಿ ಮಾಡುತ್ತವೆ ಎಂಬ ಆತಂಕದಿಂದ, ಅವು ಇರುವ ಸನ್‌ಸ್ಕ್ರೀನ್‌ಗಳ ಮಾರಾಟವನ್ನು 2021ರ ಜನವರಿಯಿಂದ ಇಡೀ ಹವಾಯಿ ರಾಜ್ಯವೇ ನಿಷೇಧಿಸಿದೆ.

ಇಷ್ಟೆಲ್ಲ ಮಾಡಿದ ಮೇಲೂ ಕೋವಿಡ್‌ಗೆ ಮುನ್ನ ದಿನಕ್ಕೆ ಸುಮಾರು ಮೂರು ಸಾವಿರ ಮಂದಿ ಬರುತ್ತಿದ್ದರು. ನಿಜವಾದ ಪರೀಕ್ಷೆ ಯಾರೂ ಬಯಸದ ರೀತಿಯಲ್ಲಿ ಬಂತು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಗೇಟು ತೆರೆದದ್ದು ಡಿಸೆಂಬರ್‌ನಲ್ಲಿ. ಆ ತಿಂಗಳುಗಳಲ್ಲಿ ಹವಾಯಿ ವಿಶ್ವವಿದ್ಯಾಲಯದ ಸಮುದ್ರಜೀವಿ ಸಂಶೋಧಕರು ಕೊಲ್ಲಿಯನ್ನು ಅಳೆದು ನೋಡಿದರು. ನೀರಿನ ತಿಳಿ ಶೇ 42ರಷ್ಟು ಹೆಚ್ಚಿತ್ತು. ಕಾಲುಗಳು ಕದಡದಿದ್ದರೆ ತಳದ ಹೂಳು ತಳದಲ್ಲೇ ಕೂರುತ್ತದೆ. ಬೆಳಕು ಹವಳದವರೆಗೆ ಇಳಿಯುತ್ತದೆ. ಜಗತ್ತಿನಲ್ಲಿ ಸುಮಾರು 1,600 ಮಾತ್ರ ಉಳಿದಿರುವ ಹವಾಯಿಯ ಮಾಂಕ್ ಸೀಲ್‌ಗಳು ಹೆಚ್ಚು ಹೆಚ್ಚಾಗಿ ಕಾಣಿಸಿಕೊಂಡವು.

ಅಂಕಿಗಳನ್ನು ನೋಡಿದ ಮೇಲೆ ಆಡಳಿತಕ್ಕೆ ಹಳೆಯ ಜಾತ್ರೆಯನ್ನು ಮರಳಿ ಕರೆಯುವ ಮನಸ್ಸು ಬರಲಿಲ್ಲ. ಮುಂಗಡ ಬುಕಿಂಗ್ ಬಂತು. ದಿನಕ್ಕೆ ಸುಮಾರು 1,400 ಮಂದಿ ಎಂಬ ಮಿತಿ ಬಂತು. ವಾರದ ರಜೆ ಸೋಮವಾರ, ಮಂಗಳವಾರ ಎಂದು ಎರಡು ದಿನವಾಯಿತು. ಏಳೂವರೆ ಡಾಲರ್ ಇದ್ದ ಶುಲ್ಕ 12 ಆಯಿತು, 2021ರಲ್ಲಿ 25ಕ್ಕೆ ಹಾರಿತು. ಹೀಗೆ ನೋಡಿದರೆ ಆ 25 ಡಾಲರಿನ ದೊಡ್ಡ ಪಾಲು ಇನ್ನೊಬ್ಬರು ಬಾರದಿರುವುದಕ್ಕೆ ಕೊಡುವ ಬೆಲೆ. ಉದ್ದ ಹೆಸರಿಗೆ ಹೆಸರಾದ ಹವಾಯಿಯ ರಾಜ್ಯ ಮೀನು ಹುಮುಹುಮುನುಕುನುಕುಆಪುಅಅ, ಹವಳವನ್ನು ಕಡಿದು ತಿಂದು ಬಿಳಿ ಮರಳಾಗಿ ವಿಸರ್ಜಿಸುವ ಗಿಳಿಮೀನು, ಹಸಿರು ಆಮೆ, ಇವೆಲ್ಲ ದಡದಿಂದ ಹತ್ತಿಪ್ಪತ್ತು ಮಾರು ದೂರದಲ್ಲೇ ಕಾಣಸಿಗುವುದು ಆ ಬೆಲೆಯ ಫಲ.

ಕಡಲು ಯಾರಪ್ಪನ ಆಸ್ತಿ?

ಸಮುದ್ರಕ್ಕೆ ಗೇಟು ಹಾಕುವ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಹವಾಯಿಯಲ್ಲಿ ಕೋರ್ಟು ಹತ್ತಿ ಇಳಿದಿದೆ. 1968ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಆಶ್‌ಫೋರ್ಡ್ ಪ್ರಕರಣದಲ್ಲಿ ಒಂದು ಗೆರೆ ಎಳೆಯಿತು. ಅಲೆಯ ನೀರು ಮೇಲಕ್ಕೆ ಎಲ್ಲಿಯವರೆಗೆ ತೊಳೆದು ಹೋಗುತ್ತದೋ ಅಲ್ಲಿಯವರೆಗೆ ತೀರ ಸಾರ್ವಜನಿಕರದ್ದು. ಗಿಡಗಂಟಿಗಳ ಅಂಚು, ನೀರು ಬಿಟ್ಟುಹೋದ ಕಸದ ಗೆರೆ ಅದಕ್ಕೆ ಗುರುತು. ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ವಿಲಿಯಂ ರಿಚರ್ಡ್‌ಸನ್, ಮೂಲ ಹವಾಯಿಯನ್ನರ ರಕ್ತ ಹಂಚಿಕೊಂಡವರು. ಭೂಮಾಪಕರ ಪಟ್ಟಿಗಿಂತ ದ್ವೀಪದ ಹಿರಿಯರ ರೂಢಿಯ ಸಾಕ್ಷ್ಯಕ್ಕೆ ಅವರು ತೂಕ ಕೊಟ್ಟರು. ಅದರ ಬಲದಿಂದ ಇವತ್ತಿಗೂ ಹವಾಯಿಯಲ್ಲಿ ಯಾವ ಪಂಚತಾರಾ ಹೋಟೆಲೂ ಮುಂದಿನ ಮರಳನ್ನು 'ನಮ್ಮದು' ಎನ್ನುವಂತಿಲ್ಲ.

ಹಾಗಿದ್ದರೆ ಹನೌಮಾದಲ್ಲಿ ಶುಲ್ಕ ಹೇಗೆ? ಅದರಲ್ಲೂ ಹವಾಯಿಯ ನಿವಾಸಿಗಳು ಗುರುತಿನ ಚೀಟಿ ತೋರಿಸಿ ಬಿಟ್ಟಿ ಒಳಹೋಗುವಾಗ ಹೊರಗಿನವರು ಮಾತ್ರ ಯಾಕೆ ಕೊಡಬೇಕು? ಈ ತಕರಾರು ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಆಗ ಶುಲ್ಕ ಮೂರು ಡಾಲರ್. 2002ರಲ್ಲಿ ನ್ಯಾಯಾಲಯ ನಗರಾಡಳಿತದ ಪರ ನಿಂತಿತು. ಊರಿನವರು ತೆರಿಗೆಯ ಮೂಲಕ ಮೊದಲೇ ಕೊಟ್ಟಿರುತ್ತಾರೆ ಎಂಬುದು ಇಂಥ ಭೇದಕ್ಕೆ ಸಾಮಾನ್ಯವಾಗಿ ಕೊಡುವ ಸಮರ್ಥನೆ. ತಾಜ್‌ಮಹಲಿನಲ್ಲೋ ಹಂಪಿಯಲ್ಲೋ ವಿದೇಶಿಯರಿಗೆ ಬೇರೆ ದರ ಇರುವುದನ್ನು ಕಂಡ ಭಾರತೀಯರಿಗೆ ಇದು ಹೊಸದೇನಲ್ಲ. ಇಲ್ಲಿ ಹೊರಗಿನವರ ಸಾಲಿನಲ್ಲಿ ನಿಲ್ಲುವ ಸರದಿ ಅವರದು, ಅಷ್ಟೆ.

ಬಿಟ್ಟಿ ಬೀಚು ತನ್ನಷ್ಟಕ್ಕೆ ಬಿಟ್ಟಿಯಾಗಿ ಉಳಿದದ್ದೂ ಅಲ್ಲ. ಸ್ಯಾಂಡಿ ಬೀಚಿನ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ ಮನೆಗಳ ಬಡಾವಣೆ ಎಬ್ಬಿಸುವ ಯೋಜನೆ 1980ರ ದಶಕದಲ್ಲಿ ಸಿದ್ಧವಾಗಿತ್ತು. 'ಸ್ಯಾಂಡಿ ಬೀಚ್ ಉಳಿಸಿ' ಎಂದು ಊರವರು ಸಹಿ ಸಂಗ್ರಹಿಸಿ 1988ರಲ್ಲಿ ಅದನ್ನು ಮತದಾನದವರೆಗೆ ಒಯ್ದರು. ಭಾರಿ ಬಹುಮತದಿಂದ ಗೆದ್ದರು. ಮರುವರ್ಷವೇ ರಾಜ್ಯದ ಸುಪ್ರೀಂ ಕೋರ್ಟು, ಜಮೀನಿನ ಬಳಕೆಯನ್ನು ಹೀಗೆ ಮತ ಹಾಕಿ ತೀರ್ಮಾನಿಸುವಂತಿಲ್ಲ ಎಂದು ಆ ಗೆಲುವನ್ನು ಕಿತ್ತುಹಾಕಿತು. ಆದರೂ ಜಗ್ಗಾಟ ನಿಲ್ಲಲಿಲ್ಲ. ಕಡೆಗೂ ಅಲ್ಲಿ ಬಡಾವಣೆ ಏಳಲಿಲ್ಲ. ಇವತ್ತು ಆ ರಸ್ತೆಯಲ್ಲಿ ಕಾರು ಓಡಿಸುವವರಿಗೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು ಮಾತ್ರ ಕಾಣುವುದರ ಹಿಂದೆ ಈ ಊರವರ ವರ್ಷಗಳ ಓಡಾಟವಿದೆ.

ಶಾಂತ ನೀರಿನ ಸದ್ದಿಲ್ಲದ ಅಪಾಯ

ಮರಳಿನಲ್ಲಿ ಕುಕ್ಕುವ ಅಲೆ ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಲಗೂನಿನ ಅಪಾಯ ಹಾಗಲ್ಲ. ಹವಾಯಿಯ ಕಡಲಲ್ಲಿ ಪ್ರವಾಸಿಗರ ಸಾವಿಗೆ ಮುಖ್ಯ ಕಾರಣ ಸರ್ಫಿಂಗೂ ಅಲ್ಲ, ಶಾರ್ಕೂ ಅಲ್ಲ. ಮುಖವಾಡ, ಕೊಳವೆ ಕಟ್ಟಿಕೊಂಡು ನೀರಿನ ಮೇಲ್ಮೈಯಲ್ಲಿ ತೇಲುತ್ತ ಮೀನು ನೋಡುವ ಸ್ನಾರ್ಕೆಲಿಂಗ್. ಓವಾಹುವಿನಲ್ಲಿ ಇಂಥ ಸಾವುಗಳು ಹೆಚ್ಚಾಗಿ ದಾಖಲಾಗಿರುವ ತಾಣಗಳ ಪೈಕಿ ಹನೌಮಾ ಮುಂಚೂಣಿಯಲ್ಲಿದೆ. ಸ್ನಾರ್ಕೆಲಿಂಗ್‌ಗೆ ಹೆಚ್ಚು ಜನ ಬರುವುದು ಅಲ್ಲಿಗೇ ಎಂಬುದೂ ಇದಕ್ಕೆ ಒಂದು ಕಾರಣ.

ಹವಾಯಿ ಆರೋಗ್ಯ ಇಲಾಖೆಯ ಬೆಂಬಲದಿಂದ ನಡೆದ ಅಧ್ಯಯನವೊಂದು ಈ ಸಾವುಗಳ ಹಿಂದೆ ಬೇರೆಯದೇ ಕಥೆ ಕಂಡಿತು. ಎಷ್ಟೋ ಪ್ರಕರಣಗಳಲ್ಲಿ ನೀರು ಕುಡಿದ ಗಡಿಬಿಡಿಯಿಲ್ಲ, ಕೈಕಾಲು ಬಡಿದದ್ದಿಲ್ಲ, ಕೂಗಿಲ್ಲ. ಕಾಲಿಗೆ ನೆಲ ಸಿಗುವ ಜಾಗದಲ್ಲೇ ಕೆಲವರು ಸುಮ್ಮನೆ ನಿಶ್ಚಲರಾದರು. ಕಿರಿದಾದ ಕೊಳವೆಯ ಮೂಲಕ ಬಲವಾಗಿ ಉಸಿರೆಳೆಯುವಾಗ ಎದೆಗೂಡಿನೊಳಗಿನ ಒತ್ತಡ ಕುಸಿಯುತ್ತದೆ. ಆಗ ರಕ್ತನಾಳಗಳ ದ್ರವ ಶ್ವಾಸಕೋಶದೊಳಕ್ಕೆ ಒಸರಬಹುದು. ಆಮ್ಲಜನಕ ಇಳಿಯುತ್ತದೆ, ಕೈಕಾಲು ಸೋಲುತ್ತವೆ, ಪ್ರಜ್ಞೆ ತಪ್ಪುತ್ತದೆ. ಹೃದಯದ ತೊಂದರೆ ಇರುವವರಿಗೆ, ದಣಿದವರಿಗೆ ಅಪಾಯ ಹೆಚ್ಚು. ದೀರ್ಘ ವಿಮಾನ ಪ್ರಯಾಣದ ಬೆನ್ನಿಗೇ ನೀರಿಗಿಳಿಯುವುದೂ ಒಂದು ಕಾರಣವಾಗಿರಬಹುದು ಎಂದು ಸಂಶೋಧಕರು ಶಂಕಿಸಿದ್ದಾರೆ.

ಬೆಂಗಳೂರಿನಿಂದ ಇಪ್ಪತ್ತು ಇಪ್ಪತ್ತೈದು ಗಂಟೆ ಹಾರಿ ಬಂದು, ಒಂದೆರಡು ದಿನದಲ್ಲೇ ಮಗನ ಒತ್ತಾಯಕ್ಕೆ ಮೊದಲ ಬಾರಿ ಮುಖವಾಡ ಕಟ್ಟಿಕೊಳ್ಳುವ ಅರವತ್ತೈದರ ಅಪ್ಪನಿಗೆ ಈ ಮಾಹಿತಿ ಟಿಕೆಟಿಗಿಂತ ಮುಖ್ಯ. 'ನೀರು ಶಾಂತವಾಗಿದೆ, ಸೊಂಟದವರೆಗೆ ಬರುವುದಿಲ್ಲ' ಎಂದು ಧೈರ್ಯ ಹೇಳುವುದು ಸುಲಭ. ಆದರೆ ಉಸಿರು ಸ್ವಲ್ಪ ಕಟ್ಟಿದಂತಾದರೂ ತಕ್ಷಣ ಕೊಳವೆ ತೆಗೆದು, ಎದ್ದು ನಿಂತು ದಡಕ್ಕೆ ಬರಬೇಕು, ಜತೆಗೊಬ್ಬರು ಕೈಗೆಟಕುವಷ್ಟು ಹತ್ತಿರ ಇರಬೇಕು ಎಂಬುದು ಆ ಅಧ್ಯಯನದಿಂದ ಹೊರಟ ಬುದ್ಧಿಮಾತು.

ಹವಳದ ದಿಬ್ಬ ದಾಟಿದರೆ ಹನೌಮಾ ಕೂಡ ತೆರೆದ ಸಮುದ್ರವೇ. ಕೊಲ್ಲಿಯ ಬಾಯಲ್ಲಿ ಓಡುವ ಸೆಳೆತಕ್ಕೆ ಲೈಫ್‌ಗಾರ್ಡ್‌ಗಳು 'ಮೊಲೊಕೈ ಎಕ್ಸ್‌ಪ್ರೆಸ್' ಎನ್ನುತ್ತಾರೆ: ಸಿಕ್ಕಿಕೊಂಡರೆ ಪಕ್ಕದ ಮೊಲೊಕೈ ದ್ವೀಪದ ಕಡೆಗೆ ಸವಾರಿ. ಬಂಡೆಗಳ ಬಳಿ ನೀರು ಕುದಿದಂತೆ ಸುಳಿಯುವ ಒಂದು ಮೂಲೆಗೆ 'ಮಾಟಗಾತಿಯರ ಕಷಾಯ' ಎಂಬ ಅರ್ಥದ ಹೆಸರಿದೆ.

ಇನ್ನೊಂದು ಅಪಾಯವನ್ನು ಪಂಚಾಂಗ ನೋಡಿಯೇ ತಿಳಿಯಬಹುದು. ಹುಣ್ಣಿಮೆ ಕಳೆದ ಎಂಟರಿಂದ ಹತ್ತನೇ ದಿನ, ಹೆಚ್ಚುಕಡಿಮೆ ಕೃಷ್ಣಪಕ್ಷದ ಅಷ್ಟಮಿ, ನವಮಿ, ದಶಮಿಯ ಹೊತ್ತಿಗೆ, ಓವಾಹುವಿನ ದಕ್ಷಿಣ ತೀರಕ್ಕೆ ಪೆಟ್ಟಿಗೆಯಾಕಾರದ ಬಾಕ್ಸ್ ಜೆಲ್ಲಿಮೀನುಗಳು ಮೊಟ್ಟೆಯಿಡಲು ಬರುತ್ತವೆ. ಗಾಜಿನಂತೆ ಪಾರದರ್ಶಕ, ನೀರಿನಲ್ಲಿ ಕಾಣುವುದೇ ಇಲ್ಲ. ಕುಟುಕಿದರೆ ಉರಿ ಜೋರು. ಕೆಲವರಿಗೆ ಆಸ್ಪತ್ರೆಯೇ ಗತಿ. ಹೊನೊಲುಲುವಿನ ವೈಕಿಕಿ ಬೀಚಿನ ಬಿಟ್ಟಿ ಮರಳಿಗೂ ಹನೌಮಾದ 25 ಡಾಲರಿನ ನೀರಿಗೂ ಅವು ಭೇದ ಮಾಡುವುದಿಲ್ಲ. ಅಂಥ ದಿನಗಳಲ್ಲಿ ಹನೌಮಾವನ್ನು ಮುಚ್ಚಿದ್ದೂ ಉಂಟು.

ತಿಂಗಳು ಬದಲಾದರೆ ಕಡಲೂ ಬದಲು

ಬಿಟ್ಟಿ ಬೀಚುಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಓವಾಹುವಿನ ಉತ್ತರ ತೀರದ ವೈಮೇಯಾ ಕೊಲ್ಲಿ ಜುಲೈನಲ್ಲಿ ಕೆರೆಯಂತೆ ಮಲಗಿರುತ್ತದೆ. ಬಂಡೆಯ ಮೇಲಿಂದ ಮಕ್ಕಳು ನೀರಿಗೆ ಹಾರುತ್ತಾರೆ. ಅದೇ ವೈಮೇಯಾಕ್ಕೆ ಡಿಸೆಂಬರ್, ಜನವರಿಯಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿಗಳು ಮೂರಂತಸ್ತಿನ ಮನೆಯೆತ್ತರದ ಅಲೆಗಳನ್ನು ಕಳಿಸುತ್ತವೆ. ಬೇಸಿಗೆಯಲ್ಲಿ ಸರದಿ ತಿರುಗಿ ದಕ್ಷಿಣ ಗೋಳಾರ್ಧದ ಚಳಿಗಾಲದ ಅಲೆಗಳು ದಕ್ಷಿಣ ತೀರವನ್ನು ಕೆಣಕುತ್ತವೆ. ಅಂದರೆ ಡಿಸೆಂಬರ್ ರಜೆಗೆ ಹೋದವರಿಗೆ ಉತ್ತರ ತೀರ ನೋಡುವುದಕ್ಕೆ ಮಾತ್ರ. ಜೂನ್‌ನಲ್ಲಿ ಹೋದವರಿಗೆ ಅದೇ ಬಿಟ್ಟಿ ಈಜುಕೊಳ.

ವೈಮೇಯಾಕ್ಕೆ 1968ರಲ್ಲಿ ನೇಮಕವಾದ ಲೈಫ್‌ಗಾರ್ಡ್ ಎಡ್ಡಿ ಐಕಾವು ಹವಾಯಿಯ ಜಾನಪದ ನಾಯಕ. ಬೇರೆಯವರು ದಡದಲ್ಲಿ ನಿಂತು ನಡುಗುವ ಅಲೆಗಳಿಗೆ ಧುಮುಕಿ ಐನೂರಕ್ಕೂ ಹೆಚ್ಚು ಮಂದಿಯನ್ನು ಎಳೆದು ತಂದವರು ಎಂದು ಅವರನ್ನು ನೆನೆಯುತ್ತಾರೆ. 1978ರಲ್ಲಿ ಹೊಕುಲೇಯಾ ಎಂಬ ಸಾಂಪ್ರದಾಯಿಕ ದೋಣಿ ನಡುಗಡಲಿನಲ್ಲಿ ಮಗುಚಿದಾಗ, ಸಂಗಡಿಗರಿಗೆ ನೆರವು ತರಲು ಸರ್ಫ್ ಹಲಗೆಯ ಮೇಲೆ ಒಬ್ಬರೇ ಹೊರಟವರು ಮರಳಲಿಲ್ಲ. ಅವರ ಹೆಸರಿನ ಸರ್ಫಿಂಗ್ ಸ್ಪರ್ಧೆ ನಡೆಯುವುದು ಅಲೆಗಳು ದೈತ್ಯಾಕಾರ ತಾಳಿದ ವರ್ಷ ಮಾತ್ರ. 2023ರ ಜನವರಿಯಲ್ಲಿ ಅದನ್ನು ಗೆದ್ದ ಲ್ಯೂಕ್ ಶೆಪರ್ಡ್‌ಸನ್ ಅಂದು ಅದೇ ಬೀಚಿನ ಲೈಫ್‌ಗಾರ್ಡ್ ಕರ್ತವ್ಯದಲ್ಲಿದ್ದರು. ಬಿಡುವು ಪಡೆದು ಸ್ಪರ್ಧಿಸಿ, ಮತ್ತೆ ಗೋಪುರಕ್ಕೆ ಮರಳಿದ್ದರು.

ದುಡ್ಡೂ ಬೇಡ, ಅಲೆಯೂ ಬೇಡ ಎನ್ನುವವರಿಗೆ ಮೂರನೆಯ ದಾರಿಯೂ ಇದೆ. ದ್ವೀಪದ ಪಶ್ಚಿಮದ ಕೊ ಓಲಿನಾದಲ್ಲಿ ಕಲ್ಲಿನ ಒಡ್ಡು ಕಟ್ಟಿ ನಾಲ್ಕು ಕೃತಕ ಲಗೂನುಗಳನ್ನು ಮಾಡಿದ್ದಾರೆ. ಸುತ್ತ ಡಿಸ್ನಿಯ ಅವುಲಾನಿಯಂಥ ದುಬಾರಿ ರೆಸಾರ್ಟುಗಳು. ಆದರೂ ನೀರಿಗೆ ಇಳಿಯಲು ಯಾರಿಗೂ ಶುಲ್ಕವಿಲ್ಲ. ಕೊರತೆ ಇರುವುದು ಪಾರ್ಕಿಂಗಿಗೆ: ಸಾರ್ವಜನಿಕರಿಗೆ ಮೀಸಲಾದ ಜಾಗ ಬೆಳಿಗ್ಗೆಯೇ ತುಂಬಿಹೋಗುತ್ತದೆ. ವೈಕಿಕಿಯಲ್ಲೇ ಕಾಂಕ್ರೀಟ್ ಗೋಡೆಯ ಮರೆಯಲ್ಲಿ ಮಕ್ಕಳು ಆಡುವ ಕುಹಿಯೊ ಬೀಚ್ ಇದೆ. ಮೀನಿನ ವೈಭವ ಇವೆರಡರಲ್ಲೂ ಹನೌಮಾದಷ್ಟಿಲ್ಲ. ಮೂರು ವರ್ಷದ ಮಗುವಿಗೆ ಅದರ ಚಿಂತೆಯೂ ಇಲ್ಲ.

ನಮ್ಮ ಕರಾವಳಿಯ ಮಾತು

ಕಾರವಾರದಿಂದ ಉಳ್ಳಾಲದವರೆಗಿನ ಕರ್ನಾಟಕದ ಕರಾವಳಿಯಲ್ಲಿ ದಡಕ್ಕೆ ಕಾವಲು ನಿಲ್ಲುವ ಹವಳದ ಸಾಲು ಇಲ್ಲ. ಅರಬ್ಬಿ ಸಮುದ್ರದ ತೆರೆ ನೇರವಾಗಿ ಮರಳಿಗೇ ಬರುತ್ತದೆ. ಶಾಂತ ನೀರು ಬೇಕೆಂದರೆ ಅಳಿವೆಯ ಒಳಗಿನ ಹೊಳೆ, ಹಿನ್ನೀರು. ಅಳಿವೆಯ ಬಾಯಲ್ಲಂತೂ ಸೆಳೆತ ಇನ್ನೂ ಜೋರು. ನಮಗೆ ಸಮೀಪದ ನಿಜವಾದ ಲಗೂನುಗಳಿರುವುದು ಲಕ್ಷದ್ವೀಪದಲ್ಲಿ, ಮಂಗಳೂರಿನ ಹಳೇ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ಸಾಮಾನು ಹೊತ್ತು ಹೋಗುವ ದ್ವೀಪಗಳಲ್ಲಿ. ಅಲ್ಲಿಗೆ ಹೊರಗಿನ ಭಾರತೀಯರೂ ಪರವಾನಗಿ ಪಡೆದೇ ಹೋಗಬೇಕು.

ಜೂನ್‌ನಿಂದ ಮಳೆಗಾಲ ಮುಗಿಯುವ ತನಕ ಕಡಲು ಮುಟ್ಟುವಂತಿಲ್ಲ ಎಂಬುದು ಕರಾವಳಿಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿದೆ. ಅಪಾಯಕ್ಕೆ ಸಿಲುಕುವವರು ಸಾಮಾನ್ಯವಾಗಿ ಘಟ್ಟದ ಮೇಲಿಂದ ಒಂದು ದಿನದ ಪ್ರವಾಸಕ್ಕೆ ಬಂದವರು. 2024ರ ಡಿಸೆಂಬರ್‌ನಲ್ಲಿ, ಮಳೆಗಾಲ ಮುಗಿದ ಎಷ್ಟೋ ದಿನದ ಮೇಲೆ, ಶಾಲಾ ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡಿನ ಬೀಚುಗಳಲ್ಲಿ ಈಜುವ ಜಾಗಕ್ಕೆ ಹಗ್ಗದ ಗುರುತು, ಲೈಫ್‌ಗಾರ್ಡ್, ಸ್ನಾನದ ವ್ಯವಸ್ಥೆ, ನೀರಿನ ಗುಣಮಟ್ಟದ ತಪಾಸಣೆ ಇವೆ. ಅಲ್ಲಿ ಕೊಡುವ ಸಣ್ಣ ಶುಲ್ಕ ಈ ನಿಗಾಕ್ಕೆ ಸಲ್ಲುತ್ತದೆ. ಬೀಚಿಗೆ ದುಡ್ಡು ಯಾಕೆ ಎಂದು ಗೊಣಗುವವರು ಹಗ್ಗದ ಒಳಗಡೆಯ ನೀರನ್ನೂ ಹೊರಗಡೆಯ ನೀರನ್ನೂ ಒಮ್ಮೆ ಹೋಲಿಸಿ ನೋಡಬಹುದು.

ಹಾಗಾದರೆ ಯಾರಿಗೆ ಯಾವುದು?

ಮೀನು, ಆಮೆ ನೋಡುವ ಆಸೆ ಗಟ್ಟಿಯಾಗಿದ್ದರೆ ಹನೌಮಾದ ಟಿಕೆಟಿಗೆ ಕೊಟ್ಟ ದುಡ್ಡು ದಂಡವಲ್ಲ. ಬೆಳಗಿನ ಮೊದಲ ಹೊತ್ತಿನ ಪ್ರವೇಶ ಸಿಕ್ಕಿದರೆ ಇನ್ನೂ ಒಳ್ಳೆಯದು, ನೀರು ಕದಡಿರುವುದಿಲ್ಲ. ಮಂಡಿನೋವಿನ ಹಿರಿಯರಿದ್ದರೆ ಕೊಲ್ಲಿಯ ತಳದಿಂದ ಮೇಲೆ ಬರುವ ಕಡಿದಾದ ಏರು ನೆನಪಿರಲಿ. ಸುಮ್ಮನೆ ನೀರಲ್ಲಿ ಆಡಿ ಬರುವುದಷ್ಟೇ ಆಸೆಯಾದರೆ 25 ಡಾಲರ್ ಹೆಚ್ಚಾಯಿತು. ಕೊ ಓಲಿನಾ ಅಥವಾ ಕುಹಿಯೊ ಸಾಕು. ಸ್ಯಾಂಡಿ ಬೀಚಿಗೂ ಹೋಗಲೇಬೇಕು, ಆದರೆ ಒಣ ಮರಳಿನ ಮೇಲೆ ಕೂತು ಊರಿನ ಹುಡುಗರ ಅಲೆಯಾಟ ನೋಡಲು. ಅಲ್ಲಿಂದ ಇನ್ನೂ ಸ್ವಲ್ಪ ಮುಂದಿನ ಮಕಾಪೂ ದೀಪಸ್ತಂಭದ ಕಾಲುದಾರಿ ಹತ್ತಿದರೆ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹಂಪ್‌ಬ್ಯಾಕ್ ತಿಮಿಂಗಿಲಗಳ ನೀರಿನ ಚಿಲುಮೆ ಬಿಟ್ಟಿ ಕಾಣಸಿಗುತ್ತದೆ.

ಎಲ್ಲಿಗೇ ಹೋದರೂ ಮೊದಲ ಕೆಲಸ ಲೈಫ್‌ಗಾರ್ಡ್ ಗೋಪುರದ ಬಳಿ ಹೋಗಿ 'ಇವತ್ತು ನೀರು ಹೇಗಿದೆ' ಎಂದು ಕೇಳುವುದು. ಅದಕ್ಕೆ ಹನೌಮಾದಲ್ಲೂ ಸ್ಯಾಂಡಿ ಬೀಚಿನಲ್ಲೂ ಕಾಸು ಕೊಡಬೇಕಿಲ್ಲ, ಉತ್ತರ ಕೊಡುವವರೂ ಒಂದೇ ಇಲಾಖೆಯವರು. ತುರ್ತುಸೇವಾ ಇಲಾಖೆಯ ಒಂದು ವಿಭಾಗವಾಗಿದ್ದ ಈ ಲೈಫ್‌ಗಾರ್ಡ್ ಪಡೆಗೆ ಸ್ವತಂತ್ರ ಇಲಾಖೆಯ ಸ್ಥಾನ ಕೊಡುವ ತಿದ್ದುಪಡಿಗೆ ಹೊನೊಲುಲುವಿನ ಮತದಾರರು 2024ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟರು. ಕಡಲನ್ನು ಕಾಪಾಡುವ ಖರ್ಚಿಗೂ ಒಂದು ದಾರಿಯಾಗಿದೆ: 2025ರ ಮೇ ತಿಂಗಳಲ್ಲಿ ಹವಾಯಿಯ ಗವರ್ನರ್ ಜೋಶ್ ಗ್ರೀನ್, ಪರಿಸರ ರಕ್ಷಣೆಗೆಂದು ಹೋಟೆಲ್ ಕೋಣೆಗಳ ತೆರಿಗೆಯನ್ನು ಶೇಕಡಾ 0.75 ಅಂಶದಷ್ಟು ಏರಿಸುವ ಕಾಯ್ದೆಗೆ ಸಹಿ ಹಾಕಿದರು. 2026ರ ಜನವರಿಯಿಂದ ಜಾರಿ. ಹಾಗಾಗಿ ಹನೌಮಾದ ಟಿಕೆಟ್ ಕೊಳ್ಳದೆ ಬಿಟ್ಟಿ ಬೀಚಿಗಷ್ಟೇ ಹೋಗಿ ಬಂದವರೂ, ಹೋಟೆಲಿನ ಬಿಲ್ಲಿನಲ್ಲಿ ಕಡಲಿನ ಪಾಲನ್ನು ಕಟ್ಟಿಯೇ ಬಂದಿರುತ್ತಾರೆ.